ದನಿಯಲ್ಲಿ ನಗು ಬೇಕಂತೆ

ಸಿನಿಮಾ ಮಂದಿಯ ಸುದ್ದಿಗೆ ಟಿವಿಯಲ್ಲಿ ದನಿ ಕೊಡುವ ಹೆಂಗಸು ಆಕೆ. ಮುಖ ಯಾರಿಗೂ ಗೊತ್ತಿಲ್ಲ, ದನಿ ಮಾತ್ರ ಮನೆಮನೆಗೂ ಪರಿಚಯ. ಯಾರು ಯಾರ ಜೊತೆ ಓಡಾಡಿದರು, ಯಾರ ಮೇಲೆ ಯಾರು ಮುನಿಸಿಕೊಂಡರು ಎಂಬುದನ್ನೆಲ್ಲ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ, ಸಣ್ಣಗೆ ನಗುತ್ತ ಓದಬೇಕು. ಆ ನಗುವಿಗೇ ಸಂಬಳ. ಕಾರ್ಯಕ್ರಮದ ಯಜಮಾನನಿಗೆ ಆಫೀಸಿನವರು ಇಟ್ಟ ಹೆಸರು ಒಗ್ಗರಣೆ ಸಾರ್. ಸಾವಿನ ಸುದ್ದಿ ಕೊಟ್ಟರೂ ಒಂದಿಷ್ಟು ಸಾಸಿವೆ ಸಿಡಿಸದೆ ಬಿಡುವ ಆಸಾಮಿಯಲ್ಲ.

ಕಳೆದ ವಾರ ತಂಗಿ ಮನೆಗೆ ಬಂದಾಗ ಅವಳ ಮಣಿಕಟ್ಟು ಊದಿತ್ತು. ಮದುವೆಯಾಗಬೇಕೆಂದಿದ್ದ ಹುಡುಗ ಫೋನ್ ಕಿತ್ತುಕೊಳ್ಳುವಾಗ ಕೈ ತಿರುಚಿದ್ದನಂತೆ. ಫೋನು ಇನ್ನೂ ಅವನ ಹತ್ತಿರವೇ ಇತ್ತು.

"ಅವನನ್ನ ಬಿಟ್ಬಿಡೇ," ಅಂದಳು ಅಕ್ಕ.

"ಸುಮ್ನಿರಕ್ಕ, ಅವನಿಗೆ ನಾನಂದ್ರೆ ಪ್ರಾಣ. ಆ ಸಿನಿಮಾ ಹೀರೋ ತನ್ನ ನಾಯಕಿ ಫೋನ್ ಒಡೆದಾಗ ಟಿವೀಲಿ ನೀನೇ ಹೇಳ್ಲಿಲ್ವಾ, ಇಷ್ಟೊಂದು ಹಚ್ಚಿಕೊಳ್ಳೋ ಗಂಡು ಎಷ್ಟು ಜನಕ್ಕೆ ಸಿಗ್ತಾನೆ ಅಂತ? ನಾನೂ ಅವನೂ ಕೂತು ನೋಡಿ ನಕ್ವಿ."

ಆ ಸಾಲು ಬರೆದವಳು ಅಕ್ಕ ಅಲ್ಲ, ನಿಜ. ಆದರೆ ತಂಗಿಯ ಕಿವಿಗೆ ಬಿದ್ದದ್ದು ಅಕ್ಕನ ದನಿ ತಾನೇ?

ಇವತ್ತು ಮತ್ತೆ ಅದೇ ಹೀರೋ, ಅದೇ ನಾಯಕಿ. ಹೋಟೆಲಿನ ಪಾರ್ಕಿಂಗಿನಲ್ಲಿ ಅವನು ಅವಳ ಕೂದಲು ಹಿಡಿದು ಎಳೆದಾಡಿದ್ದು ಕ್ಯಾಮೆರಾದಲ್ಲಿ ಸಿಕ್ಕಿತ್ತು. ಅವಳು ಪೊಲೀಸರಿಗೆ ದೂರು ಕೊಟ್ಟಿದ್ದಳು. ದೃಶ್ಯ ಕೈಸೇರಿದ್ದೇ ತಡವಾಗಿ, ರೆಕಾರ್ಡ್ ಮಾಡಿಕೊಳ್ಳಲು ಪುರುಸೊತ್ತಿಲ್ಲ. ನೇರ ಪ್ರಸಾರದಲ್ಲೇ ಓದಬೇಕು. ಹಾಳೆಯ ಮೊದಲ ಸಾಲು ಹೀಗಿತ್ತು: "ಮುನಿಸಿಕೊಂಡ ಜೋಡಿಹಕ್ಕಿಗಳು! ಅಷ್ಟಕ್ಕೂ ಅವನನ್ನು ಅವಳು ಕೆರಳಿಸಿದ್ದಾದರೂ ಯಾಕೆ?"

"ಸಾರ್, ಇದನ್ನ ನಾನು ಓದಲ್ಲ. ಹೊಡೆದ ಅಂತ ಬರೀರಿ."

"ಅಯ್ಯೋ ತಾಯಿ, ಜನ ಮಜಾ ತಗೊಳ್ಳೋಕೆ ನೋಡ್ತಾರೆ. ಓದೋದು ನಿಮ್ಮ ಕೆಲಸ, ನ್ಯಾಯ ಹೇಳೋದಲ್ಲ. ಎಲ್ಲಿ, ಸ್ವಲ್ಪ ನಗು ಬರ್ಲಿ!"

ನಗು ಬೇಕಂತೆ, ನಗು! ಕೂದಲು ಹಿಡಿದು ಎಳೆದದ್ದು ಇವರ ಮಗಳನ್ನಾಗಿದ್ದರೆ ಗೊತ್ತಾಗುತ್ತಿತ್ತು.

ಅವಳು ಗಾಜಿನ ಕೋಣೆಗೆ ಹೋಗಿ ಮೈಕಿನ ಮುಂದೆ ಕೂತು, ಹಾಳೆಯನ್ನು ಬೋರಲು ಹಾಕಿದಳು. ಇದಾದ ಮೇಲೆ ಕೆಲಸ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಈ ಹೊತ್ತಿಗೆ ತಂಗಿ ತನ್ನ ಬಾಡಿಗೆ ಕೋಣೆಯಲ್ಲಿ, ಆ ಹುಡುಗನ ಪಕ್ಕ ಕೂತು ಇದನ್ನೇ ನೋಡುತ್ತಿರುತ್ತಾಳೆ ಎಂದೂ ಗೊತ್ತಿತ್ತು. ಕೆಂಪು ದೀಪ ಹತ್ತಿತು.

"ನೀವು ನೋಡುತ್ತಿರುವುದು ಪ್ರೇಮಿಗಳ ಮುನಿಸಲ್ಲ," ಎಂದಳು, ಒಂದಿಷ್ಟೂ ನಗದೆ. "ಇವನು ಅವಳ ಕೂದಲು ಹಿಡಿದು ಎಳೆಯುತ್ತಿದ್ದಾನೆ. ಅವಳು ಬೇಡ ಬೇಡ ಎನ್ನುತ್ತಿದ್ದಾಳೆ. ಇದಕ್ಕೆ ಪ್ರೀತಿ ಎನ್ನುವುದಿಲ್ಲ, ಹೊಡೆತ ಎನ್ನುತ್ತಾರೆ. ಫೋನ್ ಒಡೆದದ್ದೂ ಪ್ರೀತಿಯಲ್ಲ. ಅವಳು ಏನು ಮಾಡಿದಳು ಎಂದು ನಾನು ಕೇಳುವುದಿಲ್ಲ, ನೀವೂ ಕೇಳಬೇಡಿ."

ಒಗ್ಗರಣೆ ಸಾರ್ ಗಾಜು ಬಡಿಯತೊಡಗಿದರು. ಅವಳು ಹೇಳಬೇಕಾದ್ದನ್ನು ಹೇಳಿ ಮುಗಿಸಿಯೇ ಎದ್ದಳು. ಹೊರಗೆ ಬಂದಾಗ ಅವರ ಮುಖ ಕೆಂಡವಾಗಿತ್ತು. "ನಾಳೆಯಿಂದ ಬರಬೇಡಿ" ಎಂಬ ಮಾತಿಗೆ ಅವಳು "ಆಯ್ತು ಸಾರ್" ಎಂದು ಚೀಲ ಹೆಗಲಿಗೇರಿಸಿದಳು.

ಮೆಟ್ಟಿಲ ಹತ್ತಿರ ಫೋನ್ ಬಂತು. ಗೊತ್ತಿಲ್ಲದ ನಂಬರು, ಆದರೆ ತಂಗಿಯ ದನಿ.

"ಅಕ್ಕಾ, ಕೆಳಗಿನ ಮನೆ ಆಂಟಿ ಫೋನಿಂದ ಮಾಡ್ತಿದೀನಿ. ಅವನು ಟಿವಿ ಆರಿಸ್ಬಿಟ್ಟ."

"ಏನಂದ?"

"ಏನೂ ಅನ್ನಲಿಲ್ಲ. ಪ್ರತಿ ಸಲ ನಗ್ತಾ ನೋಡ್ತಿದ್ದ. ನೀನು ಹೊಡೆತ ಅಂದೆ ನೋಡು, ಎದ್ದು ಆರಿಸಿದ. ನನ್ನ ಮುಖ ನೋಡಲಿಲ್ಲ. ಪ್ರೀತಿ ಅಲ್ಲ ಅಂತ ಅವನಿಗೆ ಮೊದಲಿಂದ್ಲೂ ಗೊತ್ತಿತ್ತು ಅಕ್ಕ. ನನಗೊಬ್ಬಳಿಗೇ ಗೊತ್ತಿರಲಿಲ್ಲ. ಬಂದು ಕರ್ಕೊಂಡು ಹೋಗ್ತೀಯಾ?"

"ಆಂಟಿ ಮನೆ ಬಿಟ್ಟು ಕದಲಬೇಡ, ಬಂದೆ," ಅಂದಳು ಅಕ್ಕ, ಆಗಲೇ ಮೆಟ್ಟಿಲಿಳಿಯುತ್ತ.