ಸ್ಟೇರಿಂಗಿನ ಆಟ

ಚಲುವರಾಜು ನಾಬನ್ನು ಎಡಕ್ಕೆ ತಿರುಗಿಸಿದ. ಲಾರಿ ನೆಟ್ಟಗೇ ಹೋಯಿತು. ಇನ್ನಷ್ಟು ತಿರುಗಿಸಿದ ಮೇಲೆ, ನಿದ್ದೆಯಲ್ಲಿದ್ದವನನ್ನು ಯಾರೋ ಎಬ್ಬಿಸಿದ ಹಾಗೆ ಮುಂದಿನ ಚಕ್ರಗಳು ತಟಕ್ಕನೆ ಹೊರಳಿ, ಲಾರಿ ಹಿತ್ತಿಲಿನ ಒರಳುಕಲ್ಲಿಗೆ ಹೋಗಿ ಗುದ್ದಿತು.

"ಇನ್ನೂ ಸಾಲ್ದು," ಎಂದು ಅವನು ಕಡ್ಡಿಯ ತೂತು ಉಜ್ಜುವ ಅರ ಎತ್ತಿಕೊಂಡ.

"ಸಾಕು ಕಣ್ಲಾ," ಅಂದ ಜಗಲಿಯ ಮೇಲೆ ಕೂತಿದ್ದ ಅಣ್ಣ ನಿಂಗಯ್ಯ. "ಒಂದು ಗೇಣಿತ್ತು ನನ್ ಗಾಡೀಲಿ. ಅದಕ್ಕಿಂತ ಜಾಸ್ತಿ ಮಾಡುದ್ರೆ ಸುಳ್ಳಾಯ್ತದೆ."

ಸುಳ್ಳಾಗಬಾರದು ಎನ್ನುವುದು ಚಲುವರಾಜುವಿಗೂ ಗೊತ್ತಿತ್ತು. ಆದರೆ ಕೈ ಕೇಳುತ್ತಿರಲಿಲ್ಲ. ತೂತನ್ನು ಇನ್ನೂ ಉಜ್ಜಿ, ಇನ್ನೂ ಅಗಲ ಮಾಡಿ, ಆ ಲಾರಿಯನ್ನು ಯಾರು ಹಿಡಿದರೂ ಗೋಡೆಗೆ ಗುದ್ದುವ ಹಾಗೆ ಮಾಡಬೇಕು ಅನ್ನಿಸುತ್ತಿತ್ತು. ಅರವನ್ನು ಕೆಳಗಿಟ್ಟು ಅಂಗೈ ಒರೆಸಿಕೊಂಡ.

ಲಾರಿ ಅಂದರೆ ಒಂದು ಮೊಳ ಉದ್ದದ್ದು. ಸಕ್ಕರೆ ಕಾರ್ಖಾನೆಯ ಎಂಜಿನಿಯರೊಬ್ಬರು ಮಗನಿಗೆಂದು ಜಪಾನಿನಿಂದ ತರಿಸಿದ್ದ ಆಟದ ಲಾರಿ ಕೆಟ್ಟು, ಚಲುವರಾಜು ಕೆಲಸ ಮಾಡುತ್ತಿದ್ದ ಮದ್ದೂರು ಪೇಟೆಯ ರೇಡಿಯೊ ಅಂಗಡಿಗೆ ಬಂದಿತ್ತು. ಅವರಿಗೆ ವರ್ಗವಾಯಿತು, ಅದನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಮಂಡ್ಯದಲ್ಲಿ ಸಂಜೆ ತರಗತಿಗೆ ಹೋಗಿ ರೇಡಿಯೊ ಕೆಲಸ ಕಲಿತಿದ್ದ ಚಲುವರಾಜು ಅದರ ಒಳಗನ್ನು ಸರಿಮಾಡಿ, ಒಡೆದಿದ್ದ ಮೈಗೆ ಬದಲಾಗಿ ಡಾಲ್ಡಾ ಡಬ್ಬದ ತಗಡು ಬಡಿದು, ಹತ್ತಿರದಲ್ಲೇ ಇದ್ದ ಹಳೆಯ ರೇಡಿಯೊದ ನಾಬೊಂದನ್ನು, ದೂರದಿಂದ ಅದನ್ನು ಓಡಿಸುವ ಕೈಪೆಟ್ಟಿಗೆಗೆ ಕೂರಿಸಿದ್ದ. ನಾಬು ತಿರುಗಿಸಿದರೆ ತಂತಿಯಿಲ್ಲದೆ ಅತ್ತ ಚಕ್ರ ತಿರುಗುತ್ತಿತ್ತು. ಒಳಗಿನ ಪುಟ್ಟ ಮೋಟಾರಿನಿಂದ ಚಕ್ರಕ್ಕೆ ಒಂದು ಹಿತ್ತಾಳೆ ಕಡ್ಡಿ. ಕಡ್ಡಿಯ ತುದಿಯ ತೂತಿಗೆ ಸೈಕಲ್ಲಿನ ವಾಲ್ ಟ್ಯೂಬಿನ ಚೂರು ತೊಡಿಸಿದರೆ ಮೊಳೆ ಬಿಗಿಯಾಗಿ ಕೂತು, ನಾಬು ಎಳ್ಳಷ್ಟು ಅಲುಗಿದರೂ ಚಕ್ರ ಅಲುಗುತ್ತಿತ್ತು. ಆ ರಬ್ಬರನ್ನು ಕಿತ್ತರೆ ಮೊಳೆ ತೂತಿನಲ್ಲಿ ಸಡಿಲವಾಗಿ ಓಡಾಡುತ್ತಿತ್ತು. ಕೈ ತಿರುಗಿ ಎಷ್ಟೋ ಹೊತ್ತಿನ ಮೇಲೆ ಚಕ್ರ ತಿರುಗುತ್ತಿತ್ತು.

ಇದಕ್ಕೆ ಲಾರಿಯವರು ಆಟ ಅನ್ನುತ್ತಾರೆ. ಸ್ಟೇರಿಂಗು ಆಟ ಬಂದಿದೆ, ಆಟ ಜಾಸ್ತಿಯಾಗಿದೆ, ಆಟ ತೆಗೆಸಬೇಕು. ಈ ಒಂದು ಮಾತು ನಿಂಗಯ್ಯನ ಕೆಲಸ ತಿಂದಿತ್ತು.

ಹೋದ ಮಾಘದಲ್ಲಿ ಕಬ್ಬು ತುಂಬಿಕೊಂಡು ಕಾರ್ಖಾನೆಗೆ ಹೋಗುತ್ತಿದ್ದ ಅವನ ಲಾರಿ ಭಾರತೀನಗರದ ಹತ್ತಿರದ ತಿರುವಿನಲ್ಲಿ ನಾಲೆಗೆ ಇಳಿದಿತ್ತು. ಕಾಲು ಮುರಿಯಿತು. ಆಸ್ಪತ್ರೆಗೆ ನೋಡಲು ಬಂದದ್ದು ಮಾಲೀಕ ಅಂಕಯ್ಯ ಅಲ್ಲ, ಅವನ ಆಫೀಸು ನೋಡಿಕೊಳ್ಳುತ್ತಿದ್ದ ವೆಂಕಟೇಶಮೂರ್ತಿ. ಹೇಗಾಯಿತಪ್ಪ ಎಂದು ಅವರು ಕೇಳಿದ್ದಕ್ಕೆ ನಿಂಗಯ್ಯ ನೋವಿನಲ್ಲೇ, "ಸ್ಟೇರಿಂಗಲ್ಲಿ ಆಟ ಇತ್ತು ಸೋಮಿ," ಅಂದ. ಮಂಡ್ಯದ ಅಗ್ರಹಾರದಲ್ಲಿ ಬೆಳೆದು, ಜನ್ಮದಲ್ಲಿ ಸೈಕಲ್ಲನ್ನೂ ತುಳಿಯದ ವೆಂಕಟೇಶಮೂರ್ತಿ ಹಿಂದಿರುಗಿ ಹೇಳಿದ್ದು, ಪಾಪ ಸ್ಟೇರಿಂಗ್ ಹಿಡ್ಕೊಂಡು ಆಟ ಆಡ್ತಿದ್ದೆ ಅಂತ ಅವನೇ ಒಪ್ಕೊಂಡ, ಎಂದು.

ಅಂಕಯ್ಯನಿಗೆ ಆ ಮಾತಿನ ಅರ್ಥ ಚೆನ್ನಾಗಿ ಗೊತ್ತಿತ್ತು. ಆಟ ತೆಗೆಸಿ ಎಂದು ನಿಂಗಯ್ಯ ಕೇಳಿದಾಗಲೆಲ್ಲ ಸೀಸನ್ ಮುಗೀಲಿ ಅಂದವನು ಅವನೇ. ಆದರೆ ವೆಂಕಟೇಶಮೂರ್ತಿಯವರು ತಿಳಿದುಕೊಂಡ ಅರ್ಥ ಅವನಿಗೆ ಅನುಕೂಲವಾಗಿತ್ತು, ಅದನ್ನೇ ಇಟ್ಟುಕೊಂಡ. ಮಂಡ್ಯದ ಆರ್‌ಟಿಓ ಆಫೀಸಿನಲ್ಲಿ ಸಿಕ್ಕಿಕೊಂಡ ಲೈಸೆನ್ಸು ವಾಪಸು ಬರಬೇಕಾದರೆ ದೋಷ ಗಾಡಿಯದ್ದು ಎಂದು ಅಂಕಯ್ಯನ ಕಡೆಯಿಂದ ಒಂದು ಮಾತು ಹೋಗಬೇಕಿತ್ತು, ಹೋಗಲಿಲ್ಲ. ಭಾರತೀನಗರದ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು ಅವನನ್ನು ಆಟದ ನಿಂಗ ಅನ್ನತೊಡಗಿದರು. ಅಣ್ಣತಮ್ಮಂದಿರ ಅವ್ವ ದೇವಿರಮ್ಮ ಸಂತೆಗೆ ಹೋಗುವುದನ್ನೇ ಬಿಟ್ಟಳು.

ಹಾಗಾಗಿ ಆಯುಧಪೂಜೆಯ ದಿನ, ಬೇಡ ಬೇಡವೆಂದ ಅಣ್ಣನನ್ನು ಬಸ್ಸು ಹತ್ತಿಸಿಕೊಂಡು, ಲಾರಿಯನ್ನು ಚೀಲದಲ್ಲಿ ಹಾಕಿಕೊಂಡು, ಚಲುವರಾಜು ಭಾರತೀನಗರದಲ್ಲಿದ್ದ ಅಂಕಯ್ಯನ ಶೆಡ್ಡಿಗೆ ಹೋದ.

ತೊಳೆದ ಲಾರಿಗಳಿಗೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿದ್ದರು. ನಾಲೆಗೆ ಬಿದ್ದಿದ್ದ ಲಾರಿಯೂ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು. ಚಕ್ರದ ಕೆಳಗಿಡುವ ನಿಂಬೆಹಣ್ಣುಗಳು ಒಂದು ಮಂಕರಿಯಲ್ಲಿದ್ದವು.

"ಆಟದ್ ನಿಂಗಣ್ಣ ಬಂದ ಕಣ್ರಲಾ," ಅಂದ ಒಬ್ಬ ಕ್ಲೀನರು. "ಚೀಲ್ದಲ್ಲಿ ಬುಗುರಿ ತಂದವ್ನೇನೋ."

ಚಲುವರಾಜುವಿಗೆ ಕಿವಿಯವರೆಗೂ ಉರಿಯಿತು. ಅವನು ಕ್ಲೀನರನ್ನು ನೋಡದೆ ಲಾರಿಯನ್ನು ಹೊರತೆಗೆದು ಸಿಮೆಂಟು ನೆಲದ ಮೇಲಿಟ್ಟ. ನಗು ನಿಂತಿತು. ಮಂಕರಿಯಿಂದ ನಿಂಬೆಹಣ್ಣು ತೆಗೆದು ಎರಡು ಸಾಲು ಮಾಡಿದ, ನಡುವೆ ಒಂದು ತಿರುವು ಬಿಟ್ಟು, ನಾಲೆಯ ರಸ್ತೆಯ ಹಾಗೆ. ಕುರ್ಚಿಯಲ್ಲಿದ್ದ ಅಂಕಯ್ಯ ಏನ್ಲಾ ಇದು ಅಂದದ್ದಕ್ಕೆ ಉತ್ತರ ಕೊಡದೆ, ಕೈಪೆಟ್ಟಿಗೆಯನ್ನು ವೆಂಕಟೇಶಮೂರ್ತಿಯವರ ಮುಂದೆ ಹಿಡಿದ.

"ಅಯ್ನೋರೆ, ನೀವೇ ಓಡ್ಸಿ. ಹಣ್ಣು ತಾಕಬಾರ್ದು."

ವೆಂಕಟೇಶಮೂರ್ತಿ ಅಂಜುತ್ತಲೇ ತೆಗೆದುಕೊಂಡರು. ಲಾರಿ ಅವರು ಹೇಳಿದ ಹಾಗೆ ಕೇಳಿತು. ಎರಡು ಸಾಲಿನ ನಡುವೆ ಹೋಗಿ, ತಿರುವಿನಲ್ಲಿ ತಿರುಗಿ, ಆಚೆ ಬಂತು. ಅವರ ಮುಖ ಅರಳಿತು. ಚಲುವರಾಜು ಬಗ್ಗಿ, ಮೊಳೆ ಬಿಚ್ಚಿ, ರಬ್ಬರಿನ ಚೂರನ್ನು ಕಿತ್ತು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದ. ಮೊಳೆಯನ್ನು ತಿರುಗಿ ಕೂರಿಸಿದ.

"ಈಗ ಓಡ್ಸಿ."

ತಿರುವಿನಲ್ಲಿ ವೆಂಕಟೇಶಮೂರ್ತಿ ನಾಬು ತಿರುಗಿಸಿದರು. ಲಾರಿ ನೆಟ್ಟಗೆ ಹೋಗಿ ನಿಂಬೆಹಣ್ಣುಗಳನ್ನು ಚೆದುರಿಸಿತು. ಹಿಂದಕ್ಕೆ ತಂದು ಮತ್ತೆ ಪ್ರಯತ್ನಿಸಿದರು. ಬೇಗ ತಿರುಗಿಸಿದರೆ ಅತ್ತ ಹೋಯಿತು, ಗಾಬರಿಯಾಗಿ ಇತ್ತ ತಿರುಗಿಸಿದರೆ ಅದೂ ತಡವಾಗಿ ಆಚೆಯ ಸಾಲಿಗೆ ನುಗ್ಗಿತು. ಅವರ ಹಣೆಯ ಮೇಲೆ ಬೆವರು ಕಂಡಿತು.

"ನಾನು ತಿರುಗಿಸ್ತಾನೇ ಇದೀನಲ್ಲಪ್ಪ. ಅದು ಕೇಳ್ತಾ ಇಲ್ಲ."

"ಇದೇ ಸೋಮಿ ಆಟ," ಅಂದ ಚಲುವರಾಜು. ರಬ್ಬರಿನ ಚೂರನ್ನು ಅವರ ಕಣ್ಣ ಮುಂದೆ ಹಿಡಿದ. "ಸ್ಟೇರಿಂಗಲ್ಲಿ ಆಟ ಅಂದ್ರೆ ಇದು. ನಮ್ಮಣ್ಣ ಏಳಿದ್ದು ಇದ್ನ."

"ಆಟ ಅಂದ್ರೆ... ಇದಾ?" ಅಂದರು ವೆಂಕಟೇಶಮೂರ್ತಿ.

ಡ್ರೈವರುಗಳು ನೆಲ ನೋಡಿದರು. ಅವರಲ್ಲಿ ಒಬ್ಬನಿಗೂ ಗೊತ್ತಿಲ್ಲದ ಮಾತಲ್ಲ ಅದು. ವೆಂಕಟೇಶಮೂರ್ತಿ ಕನ್ನಡಕ ತೆಗೆದು ಪಂಚೆಯ ಚುಂಗಿನಲ್ಲಿ ಒರೆಸಿ, ಮತ್ತೆ ಹಾಕಿಕೊಂಡರು. ಅಂಕಯ್ಯನ ಕಡೆ ತಿರುಗಿದರು. "ಗೌಡ್ರೇ, ಅವತ್ತು ಆಸ್ಪತ್ರೇಲಿ ನಾನು..." ಎಂದು ಶುರು ಮಾಡಿದರು. ಕೈಪೆಟ್ಟಿಗೆ ಇನ್ನೂ ಅವರ ಕೈಯಲ್ಲೇ ಇತ್ತು. ಮರೆತ ಬೆರಳು ನಾಬನ್ನು ಅತ್ತಿತ್ತ ಆಡಿಸುತ್ತಿತ್ತು. ಅತ್ತ ಲಾರಿ ಗೋಡೆಗೆ ಮೂತಿ ಉಜ್ಜುತ್ತ, ಚಕ್ರ ಸೊಟ್ಟಗೆ ಮಾಡಿಕೊಂಡು ಗರಗರ ಅನ್ನುತ್ತಿತ್ತು.

ಊರುಗೋಲು ನೆಲಕ್ಕೆ ಬಿದ್ದ ಸದ್ದಾಯಿತು. ನಿಂಗಯ್ಯ ಕುಂಟುತ್ತ ಬಂದು ಅವರ ಕೈಯಿಂದ ಪೆಟ್ಟಿಗೆ ಕಿತ್ತುಕೊಂಡ.

"ಕೊಡಿ ಇಲ್ಲಿ ಅಯ್ನೋರೆ."

"ಅಣ್ಣ, ಬ್ಯಾಡ," ಅಂದ ಚಲುವರಾಜು. "ಅಣ್ಣ, ಬುಡು ಅದ್ನ."

ನಿಂಗಯ್ಯ ಕೇಳಿಸಿಕೊಳ್ಳಲಿಲ್ಲ. ಲಾರಿಯನ್ನು ಗೋಡೆಯಿಂದ ಬಿಡಿಸಿ ಹಿಂದಕ್ಕೆ ತಂದ. ಅವನ ಹೆಬ್ಬೆರಳೂ ತೋರುಬೆರಳೂ ನಾಬಿನ ಮೇಲೆ ಒಂದು ಗಳಿಗೆಯೂ ಸುಮ್ಮನಿರಲಿಲ್ಲ. ತುಸು ಅತ್ತ, ತುಸು ಇತ್ತ, ಚಕ್ರ ಮೈಮರೆಯದ ಹಾಗೆ ಅದನ್ನು ಕೆಣಕುತ್ತಲೇ ಇದ್ದವು. ತಿರುವು ಬರುವ ಮೊದಲೇ ಬೆರಳು ತಿರುಗಿತ್ತು. ಉಳಿದಿದ್ದ ನಿಂಬೆಹಣ್ಣುಗಳ ನಡುವೆ ಆ ಸಡಿಲ ಲಾರಿ ಒಂದನ್ನೂ ತಾಕದೆ ನುಸುಳಿ ಹೋಗಿ, ತಿರುಗಿ, ಹಾರ ಹಾಕಿದ್ದ ದೊಡ್ಡ ಲಾರಿಯ ಮುಂದೆ ನಿಂತಿತು. ನಿಂಗಯ್ಯನ ಮುಖ ಬೆಳಗಿತ್ತು. ಬುಗುರಿಯ ಮಾತಾಡಿದ್ದ ಕ್ಲೀನರೇ ಮೊದಲು ಶಿಳ್ಳೆ ಹಾಕಿದ.

ಅಂಕಯ್ಯ ಕುರ್ಚಿಯಿಂದ ಎದ್ದ. ಅವನೂ ನಗುತ್ತಿದ್ದ.

"ಭೇಷ್ ಕಣ್ಲಾ ನಿಂಗ. ಇಷ್ಟು ಆಟ ಇದ್ರೂವೆ ಗೆರೆ ತಪ್ದಂಗೆ ಓಡುಸ್ತೀಯ." ನಗು ಹಾಗೇ ಇತ್ತು. "ಅಂಗಾದ್ರೆ ಅವತ್ತು ಯಾಕ್ಲಾ ನಾಲೆಗೆ ಬುಟ್ಟೆ?"

ಶಿಳ್ಳೆ ನಿಂತಿತು. "ಲೋಡಿತ್ತು ಗೌಡ್ರೇ," ಅಂದ ನಿಂಗಯ್ಯ. "ಮಿತಿಮೀರಿ ತುಂಬಿದ್ ಕಬ್ಬಿನ ಲೋಡು..." ಅಷ್ಟರಲ್ಲಿ ಅಂಕಯ್ಯ ಬೂದುಗುಂಬಳಕಾಯಿ ತರಲು ಹೇಳಿ ಆಚೆ ಹೋಗಿದ್ದ. ವೆಂಕಟೇಶಮೂರ್ತಿ ಅವನ ಹಿಂದೆ ಎರಡು ಹೆಜ್ಜೆ ಇಟ್ಟು, ನಿಂತು, ಚೆದುರಿದ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹೆಕ್ಕಿ ಮಂಕರಿಗೆ ಹಾಕತೊಡಗಿದರು. ಅರ್ಧಕ್ಕೆ ನಿಂತ ತಮ್ಮ ಮಾತನ್ನು ಅವರು ಮತ್ತೆ ಎತ್ತಿಕೊಳ್ಳಲಿಲ್ಲ.

ಬಸ್‌ಸ್ಟ್ಯಾಂಡಿನವರೆಗೂ ಚಲುವರಾಜು ಅಣ್ಣನಿಗಿಂತ ಮುಂದೆ ನಡೆದ. ಕುಂಟುವವನಿಗಾಗಿ ನಿಲ್ಲಲಿಲ್ಲ. ಅಂಕಯ್ಯನ ಮೇಲಿದ್ದ ಸಿಟ್ಟು ಹಳೆಯದು, ಅದರ ಜೊತೆ ಬದುಕುವುದು ಅಭ್ಯಾಸವಾಗಿತ್ತು. ಈ ಹೊಸದನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಆಟವನ್ನು ಸರಿಯಾಗಿ ಅಣ್ಣ ಹೇಳಿದ ಗೇಣಿನ ಲೆಕ್ಕಕ್ಕೇ ಇಟ್ಟದ್ದು ತನ್ನದೇ ತಪ್ಪೇನೋ. ಇನ್ನೊಂದಿಷ್ಟು ಅರ ಹಾಕಿದ್ದರೆ ಅಣ್ಣನ ಕೈಗೂ ಬಗ್ಗುತ್ತಿರಲಿಲ್ಲವೇನೋ. ಹಾಗೆ ಯೋಚಿಸಿದ್ದಕ್ಕೆ ತನ್ನ ಮೇಲೂ ಸಿಟ್ಟು ಬಂತು.

ಮದ್ದೂರಿನ ಬಸ್ಸಿನಲ್ಲಿ ಇಬ್ಬರೂ ಪಕ್ಕಪಕ್ಕ ಕೂತರು. ಲಾರಿ ಚಲುವರಾಜುವಿನ ತೊಡೆಯ ಮೇಲೆ, ಕೈಪೆಟ್ಟಿಗೆ ನಿಂಗಯ್ಯನ ತೊಡೆಯ ಮೇಲೆ.

"ಅಯ್ನೋರು ಏಳ್ತಾ ಇದ್ರು," ಅಂದ ಚಲುವರಾಜು ಹಲ್ಲು ಕಚ್ಚಿ. "ಬಾಯಿಗೆ ಬಂದಿತ್ತು ಮಾತು. ಯಾಕ್ ಮುಟ್ಟುದ್ದೆ ನೀನು?"

ನಿಂಗಯ್ಯ ಕಿಟಕಿಯ ಆಚೆ ನೋಡುತ್ತಿದ್ದ. ಹಾಗೇ ಹೇಳಿದ, "ಆವಯ್ಯ ಗಾಡೀನ ಗ್ವಾಡೆಗೆ ಉಜ್ತಿದ್ನಲ್ಲ. ನೋಡಕ್ಕಾಯ್ನಿಲ್ಲ ಕಣ್ಲಾ."

ಚಲುವರಾಜು ಮುಖ ತಿರುಗಿಸಿಕೊಂಡ. ಅವನ ಮುಷ್ಟಿಯಲ್ಲಿ ವಾಲ್ ಟ್ಯೂಬಿನ ಚೂರು ಬೆವರಿಗೆ ಅಂಟಿಕೊಂಡಿತ್ತು. ಬಸ್ಸು ಕಬ್ಬಿನ ಗದ್ದೆಗಳನ್ನು ದಾಟಿ ನಾಲೆಯ ಏರಿಗೆ ಹತ್ತಿತು. ಆಗ ತೊಡೆಯ ಮೇಲೆ ಏನೋ ಅಲುಗಿದ ಹಾಗಾಯಿತು. ಗಡಿಬಿಡಿಯಲ್ಲಿ ಸ್ವಿಚ್ಚು ಆರಿಸಿರಲಿಲ್ಲ. ಲಾರಿಯ ಮುಂದಿನ ಚಕ್ರಗಳು ತುಸು ಎಡಕ್ಕೆ, ತುಸು ಬಲಕ್ಕೆ ಆಡುತ್ತ ಅವನ ಪಂಚೆಯನ್ನು ತಡವುತ್ತಿದ್ದವು. ಪಕ್ಕಕ್ಕೆ ನೋಡಿದ. ಅಣ್ಣನ ಕಣ್ಣು ಮುಂದಿನ ಗಾಜಿನಾಚೆ ರಸ್ತೆಯ ಮೇಲಿತ್ತು. ಬೆರಳುಗಳು ನಾಬಿನ ಮೇಲಿದ್ದವು.

ನಿಂಗಯ್ಯನ ಲಾರಿ ಇಳಿದಿದ್ದ ನಾಲೆಯ ತಿರುವು ಬಂತು. ಬಸ್ಸು ಇನ್ನೂ ನೆಟ್ಟಗೇ ಹೋಗುತ್ತಿತ್ತು. ಚಲುವರಾಜುವಿನ ತೊಡೆಯ ಮೇಲೆ ಚಕ್ರಗಳು ಆಗಲೇ ಹೊರಳಿ, ನಾಲೆಯಿಂದಾಚೆಗೆ ಮುಖ ಮಾಡಿ ನಿಂತಿದ್ದವು.