ಕಾಲಿಗೆ ಬುದ್ಧಿ

"ಹಾಲು ಬಿಡಿಸಬೇಡಮ್ಮ, ಕುಡೀತಾ ಇರಲಿ. ಹೊಟ್ಟೆ ತುಂಬಿದ್ರೆ ಕಾಲು ಸಡಿಲ ಬಿಡ್ತಾಳೆ," ಎಂದರು ಡಾಕ್ಟರಮ್ಮ.

ಮಗಳು ಕೂಸನ್ನು ಎದೆಗವಚಿಕೊಂಡಳು. ಅಜ್ಜಿ ಮಾತ್ರ ಮೂಲೆಯ ಸ್ಟೂಲಿನ ಮೇಲೆ ಮುಖ ಗಂಟಿಕ್ಕಿಕೊಂಡು ಕೂತಿದ್ದಳು. ಮೊಮ್ಮಗಳ ಎಡಪಾದ ಹುಟ್ಟುವಾಗಲೇ ಒಳಕ್ಕೆ ತಿರುಚಿಕೊಂಡಿತ್ತು; ಅಂಗಾಲು ಇನ್ನೊಂದು ಕಾಲನ್ನು ನೋಡುತ್ತಿತ್ತು. ಅದನ್ನು ಈ ಚೋಟುದ್ದದ ಹೆಂಗಸು ಬರೀ ಬೆರಳಲ್ಲಿ ನೆಟ್ಟಗೆ ಮಾಡುತ್ತಾಳಂತೆ! ಬೀದಿಯ ಮಕ್ಕಳಿಗೆಲ್ಲ ಎಣ್ಣೆ ನೀವಿದ ಕೈ ತನ್ನದು. ತನ್ನಿಂದಾಗದ್ದು ಇವಳಿಂದಾದೀತೆ?

"ಏನ್ ಮಾಡ್ತಿದೀರಿ? ಸುಮ್ನೆ ಹಿಡ್ಕೊಂಡಿದೀರಲ್ಲ?"

"ಕಾಲಿಗೆ ಬುದ್ಧಿ ಹೇಳ್ತಿದೀನಿ, ಅಜ್ಜಿ."

"ಕಾಲಿಗೆ ಬುದ್ಧಿ ಹೇಳೋದು ಅಂದ್ರೆ ಓಡಿಹೋಗೋದು ಕಣಮ್ಮ!"

"ಓಡ್ಲಿ ಅಂತಾನೇ ಹೇಳ್ತಿರೋದು," ಎಂದು ಡಾಕ್ಟರಮ್ಮ ಒದ್ದೆ ಪ್ಲಾಸ್ಟರ್ ಪಟ್ಟಿಯನ್ನು ತೊಡೆಯವರೆಗೂ ಸುತ್ತಿದರು.

ವಾರವಾರವೂ ಹಳೆಯ ಪ್ಲಾಸ್ಟರ್ ಬಿಚ್ಚಿ ಹೊಸದು ಹಾಕಿದಂತೆ ಪಾದ ಹೂವಿನ ಹಾಗೆ ಹೊರಕ್ಕೆ ತೆರೆದುಕೊಂಡಿತು. ಕೊನೆಗೆ ಹಿಮ್ಮಡಿಯ ಬಿಗಿದ ನರವನ್ನು ಒಂದಿಷ್ಟೇ ಕೊಯ್ದು ಸಡಿಲಿಸಿದರು. ಆಮೇಲೆ ಬಂತು ಕಬ್ಬಿಣದ ಪಟ್ಟಿಗೆ ಜೋಡಿಸಿದ ಪುಟ್ಟ ಬೂಟು. ಸದ್ಯಕ್ಕೆ ಹಗಲೂ ರಾತ್ರಿ, ಮುಂದೆ ವರ್ಷಗಟ್ಟಲೆ ಮಲಗುವಾಗ ಹಾಕಲೇಬೇಕು, ಬಿಟ್ಟರೆ ಪಾದ ಹಳೇ ಚಾಳಿಗೆ ಹೋಗುತ್ತದೆ ಎಂದು ಡಾಕ್ಟರಮ್ಮ ಒತ್ತಿ ಹೇಳಿದ್ದರು.

ಆದರೆ ಮಗಳು ಕೆಲಸಕ್ಕೆ ಹೋದಮೇಲೆ ಬೂಟು ತೊಟ್ಟ ಕೂಸಿನ ಅಳು ಕೇಳಬೇಕಾದವಳು ಅಜ್ಜಿ. ಕರುಳು ತಡೆಯಲಿಲ್ಲ. ನೆಟ್ಟಗಾಯಿತಲ್ಲ, ಇನ್ನೇಕೆ ಈ ಬೇಡಿ ಎಂದು ದಿನವೂ ಬಿಚ್ಚಿಟ್ಟು, ಮಗಳು ಬರುವ ಹೊತ್ತಿಗೆ ಮತ್ತೆ ತೊಡಿಸಿದಳು. ಪಾದ ಮೆಲ್ಲಗೆ ಒಳಕ್ಕೆ ಹೊರಳಿತು.

ಮತ್ತೆ ಅದೇ ಕೋಣೆ. "ಬಿಚ್ಚಿದ್ದು ನಾನೇ. ಬೈಯೋದಿದ್ರೆ ನನಗೆ ಬೈರಿ, ಅವಳಿಗಲ್ಲ," ಎಂದಳು ಅಜ್ಜಿ.

ಡಾಕ್ಟರಮ್ಮ ಬೈಯಲಿಲ್ಲ. "ಅಳು ಕೇಳೋಕಾಗ್ಲಿಲ್ವಾ? ಬನ್ನಿ, ಇಲ್ಲಿ ಹೆಬ್ಬೆರಳಿಡಿ. ಒತ್ತಬೇಡಿ, ಆನಿಸಿ ಅಷ್ಟೇ."

ಅಜ್ಜಿ ಆನಿಸಿದಳು. ಡಾಕ್ಟರಮ್ಮ ಪಾದವನ್ನು ಕೂದಲೆಳೆಯಷ್ಟು ಹೊರಕ್ಕೆ ತಂದರು. ಬೆರಳಡಿಯಲ್ಲಿ ಎಳೆಯ ಮೂಳೆ ಸರಿದದ್ದು ಅಜ್ಜಿಗೆ ತಿಳಿಯಿತು. ಕೂಸಿಗೆ ತಿಳಿಯಲಿಲ್ಲ, ಅದು ಹಾಲು ಚೀಪುತ್ತಲೇ ಇತ್ತು. ಜೀವಮಾನವೆಲ್ಲ ನೀವಿದ ತನ್ನ ಕೈಗೆ ಇಷ್ಟು ಹಗುರವಾಗಿ ಮುಟ್ಟುವುದು ಗೊತ್ತೇ ಇರಲಿಲ್ಲವಲ್ಲ! ಆ ಚೋಟುದ್ದದ ಹೆಂಗಸಿನ ಮುಂದೆ ಅಜ್ಜಿ ಮನಸಾರೆ ಸೋತಳು.

ಮತ್ತೆ ಕೆಲವು ವಾರ ಪ್ಲಾಸ್ಟರ್ ಹಾಕಿ ಪಾದ ನೆಟ್ಟಗಾದ ಮೇಲೆ ಬೂಟಿನ ಕಾವಲು ಅಜ್ಜಿಯದೇ. ಸ್ವಂತ ಮಗಳು ಮುಟ್ಟಹೋದರೂ ಹರಿಹಾಯುತ್ತಿದ್ದಳು.

ಮೊಮ್ಮಗಳಿಗೆ ಎರಡು ತುಂಬಿದಾಗ ತಪಾಸಣೆಗೆ ಕರೆತಂದರು. ಬಾಗಿಲಲ್ಲಿ ಡಾಕ್ಟರಮ್ಮನ ಬಿಳಿ ಕೋಟು ಕಂಡದ್ದೇ ತಡ, ಹುಡುಗಿ ಅಜ್ಜಿಯ ಕೈ ಕೊಸರಿಕೊಂಡು ಹಜಾರದುದ್ದಕ್ಕೂ ಓಟ ಕಿತ್ತಳು.

"ಅಂತೂ ನೀವ್ ಹೇಳಿದ್ ಬುದ್ಧಿ ಕೇಳ್ತು ನೋಡಿ, ಡಾಕ್ಟರಮ್ಮ!"

ಎರಡು ಪುಟ್ಟ ಅಂಗಾಲುಗಳು ನೆಲಕ್ಕೆ ಪಟಪಟ ಬಡಿಯುತ್ತ ದೂರ ಹೋದವು. ಯಾರೂ ಅವಳನ್ನು ಹಿಂದಕ್ಕೆ ಕರೆಯಲಿಲ್ಲ.