ಒಂದುಸಿರು ಬಿಗಿ

ನಾಲ್ಕು ತಿಂಗಳಿಂದ ಗ್ಯಾರೇಜಿನ ಮೇಸ್ತ್ರಿ ಆ ಹಳೆಯ ವ್ಯಾನಿನ ಮುಂದಿನ ಸೀಟು ಎತ್ತಿರಲಿಲ್ಲ. ಎತ್ತಿದರೆ ಕೆಳಗೆ ಎಂಜಿನ್ನು. ಎಂಜಿನ್ನಿನ ನೆತ್ತಿಯ ಮೇಲೆ ಟ್ಯಾಪೆಟ್ ಕವರು, ಎಂದರೆ ಒಳಗಿನ ಎಣ್ಣೆ ಹೊರಗೆ ಸಿಡಿಯದಂತೆ ಕಾಯುವ ತಗಡಿನ ಮುಚ್ಚಳ. ಆ ಮುಚ್ಚಳದ ಅಂಚಿನ ಸಂದು ಮುಚ್ಚುವ ಕಾರ್ಕಿನ ಪ್ಯಾಕಿಂಗನ್ನು ತೀರಿಹೋದ ಮಗ ತನ್ನ ಕೈಯಾರೆ ಕೂರಿಸಿದ್ದ. ಅದು ಸೋರುತ್ತಿತ್ತು.

ಸೋರಿದ ಎಣ್ಣೆ ಬಿಸಿ ಸೈಲೆನ್ಸರ್ ಪೈಪಿನ ಮೇಲೆ ತೊಟ್ಟಿಕ್ಕಿ ಸುಡುತ್ತಿತ್ತು. ವ್ಯಾನು ಹೊರಟ ಹತ್ತು ನಿಮಿಷಕ್ಕೆಲ್ಲ ಒಳಗೆ ಕಮಟು ಹೊಗೆ. ಮಗನ ಅಂಗಿಗೂ ಅದೇ ವಾಸನೆ ಇರುತ್ತಿತ್ತು. ಎಷ್ಟೋ ಸಲ ಮುದುಕ ಮೇಸ್ತ್ರಿ ಸುಮ್ಮನೆ ವ್ಯಾನಿನ ಬಾಗಿಲು ತೆರೆದು ಒಳಗೆ ಮೂಗು ಚಾಚಿ ನಿಲ್ಲುತ್ತಿದ್ದ. ಆಗ ಕಿವಿಯ ಹತ್ತಿರ ಯಾರೋ ಉಸಿರೆಳೆದುಕೊಂಡ ಹಾಗಾಗುತ್ತಿತ್ತು. ಎಳೆದುಕೊಂಡದ್ದು ಕೇಳಿಸುತ್ತಿತ್ತು, ಬಿಟ್ಟದ್ದು ಮಾತ್ರ ಕೇಳಿಸುತ್ತಿರಲಿಲ್ಲ. ಅವನು ಬಾಗಿಲು ಹಾಕಿ, ದೇವರ ಹೆಸರು ಹೇಳಿಕೊಂಡು ದೂರ ಸರಿಯುತ್ತಿದ್ದ.

ಅವನನ್ನು ಕಾಡುತ್ತಿದ್ದದ್ದು ಒಂದೇ ಮಾತು, ಅದೂ ತನ್ನದೇ ಮಾತು. ಮಗ ಸಾಯುವ ಹತ್ತೊಂಬತ್ತು ದಿನ ಮೊದಲು ವ್ಯಾನಿನ ಕೆಳಗಿನ ಎಣ್ಣೆಯ ಕಲೆ ತೋರಿಸಿ, ಗಿರಾಕಿಗಳೆದುರಿಗೇ ಅವನಿಗೆ ಅಂದಿದ್ದ: "ಸೋಮಾರಿ ಕೈ. ನಿನ್ನ ಕೈಯಲ್ಲೂ ಬಿಗಿ ಇಲ್ಲ, ಮನಸ್ಸಿನಲ್ಲೂ ಬಿಗಿ ಇಲ್ಲ." ಮಗ ನಕ್ಕು, ಕೈ ಒರೆಸಿಕೊಂಡು ಒಳಗೆ ಹೋಗಿದ್ದ. ಆಮೇಲೆ ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಲ್ಲೇ ಕುಸಿದ. ಹೃದಯ ಊದಿಕೊಂಡಿತ್ತು ಎಂದರು ವೈದ್ಯರು. ತಾನು ಅಂದ ಮಾತು ನಿಜವಾಗಿತ್ತೋ ಸುಳ್ಳಾಗಿತ್ತೋ, ಮುಚ್ಚಳ ತೆಗೆದರೆ ಗೊತ್ತಾಗುತ್ತಿತ್ತು. ನಿಜವಾಗಿದ್ದರೆ ಸತ್ತವನ ಮೇಲೆ ಕಳಂಕ, ಸುಳ್ಳಾಗಿದ್ದರೆ ಬದುಕಿರುವವನ ಮೇಲೆ. ಹಾಗಾಗಿ ಅವನು ತೆಗೆಯಲೇ ಇಲ್ಲ.

ಕೊನೆಗೆ ಸೊಸೆ ಬಿಡಲಿಲ್ಲ. ಅವಳು ಸೋಫಾದ ಹೊದಿಕೆ, ಕಿಟಕಿ ಪರದೆ ಹೊಲಿದು ಮನೆಮನೆಗೆ ಮುಟ್ಟಿಸುವವಳು. ವ್ಯಾನು ಓಡಿಸುವುದನ್ನು ಹಟ ಹಿಡಿದು ಕಲಿತಿದ್ದಳು. ಒಂದು ಬೆಳಿಗ್ಗೆ ಎರಡು ಪೊಟ್ಟಣ ತಂದು ಮಾವನ ಮುಂದೆ ಮೇಜಿನ ಮೇಲಿಟ್ಟಳು.

"ಇದೇನಮ್ಮ?"

"ಪ್ಯಾಕಿಂಗು. ಒಂದು ಕಾರ್ಕಿಂದು, ಇನ್ನೊಂದು ರಬ್ಬರಿಂದು. ಯಾವುದು ಬೇಕು ಅಂತ ಅಂಗಡಿಯವನು ಕೇಳಿದ. ನಮ್ಮ ಮಾವ ಬಾಯಿ ಬಿಟ್ಟರೆ ತಾನೆ ಗೊತ್ತಾಗೋದು ಅಂದೆ. ಎರಡೂ ಕೊಟ್ಟ."

"ವ್ಯಾನು ಇನ್ನೂ ಸ್ವಲ್ಪ ದಿನ ಹೀಗೇ ಓಡಲಿ."

"ಓಡಲಿ ಮಾವ. ನಿನ್ನೆ ಒಂದು ಮನೆಯವರು ಪರದೆ ಮೂಸಿ ನೋಡಿ, ಏನಮ್ಮ, ಹೊಲಿದು ತಂದ್ಯೋ ಹುರಿದು ತಂದ್ಯೋ ಅಂದ್ರು. ಅದೂ ಹೋಗಲಿ. ಪೈಪಿನ ಮೇಲೆ ಎಣ್ಣೆ ಬಿದ್ದು ಹೊತ್ತಿಕೊಂಡರೆ? ಮೇಲೆ ಕೂತಿರೋಳು ನಾನು."

ಆ ಮಾತಿಗೆ ಮೇಸ್ತ್ರಿ ಎದ್ದ.

ಸೀಟು ಎತ್ತಿ, ಸುತ್ತಲಿನ ಜಿಡ್ಡು ಒರೆಸಿ, ಮೊದಲ ಬೋಲ್ಟಿಗೆ ಪಾನ, ಎಂದರೆ ಸ್ಪ್ಯಾನರು, ಹಾಕಿದ. ಒಟ್ಟು ಎಂಟು ಬೋಲ್ಟು. ಅವರ ಗ್ಯಾರೇಜಿನಲ್ಲಿ ಮುಚ್ಚಳ ಬಿಗಿಯುವುದಕ್ಕೆ ಒಂದು ಕ್ರಮವಿತ್ತು. ಮೇಸ್ತ್ರಿಗೆ ಅವನ ತಂದೆ ಕಲಿಸಿದ್ದು, ಅವನು ಮಗನಿಗೆ ಕಲಿಸಿದ್ದು: ನಡುವಿನಿಂದ ಹೊರಗೆ, ಒಂದಾದ ಮೇಲೊಂದು. ಬಿಗಿಯ ಅಳತೆ ಉಸಿರು. ಎದೆ ತುಂಬ ಉಸಿರೆಳೆದುಕೊಂಡು ದೇವರ ಹೆಸರನ್ನು ಉದ್ದಕ್ಕೆ ಹೇಳುತ್ತ ಪಾನ ಎಳೆಯಬೇಕು. ಉಸಿರು ಮುಗಿದಲ್ಲಿ ಕೈ ನಿಲ್ಲಬೇಕು. ಅದಕ್ಕೆ 'ಒಂದುಸಿರು ಬಿಗಿ' ಎನ್ನುತ್ತಿದ್ದರು. ಮುಚ್ಚಳ ತೆಳು ತಗಡು. ಹೆಚ್ಚು ಬಿಗಿದರೆ ಸೊಟ್ಟಗಾಗುತ್ತದೆ, ಕಡಿಮೆ ಬಿಗಿದರೆ ಸೋರುತ್ತದೆ. ಒಂದುಸಿರು ಎಂದೂ ಮೋಸ ಮಾಡಿರಲಿಲ್ಲ.

ನಡುವಿನ ಎರಡು ಬೋಲ್ಟು ಗಟ್ಟಿಯಾಗಿದ್ದವು. ಮೂರನೆಯದೂ ಪರವಾಗಿಲ್ಲ. ನಾಲ್ಕನೆಯದು ಪಾನ ಹಾಕಿದ ಕೂಡಲೇ ತಿರುಗಿತು. ಆರನೆಯದಕ್ಕೆ ಬಲವೇ ಬೇಕಾಗಲಿಲ್ಲ. ಮೂಲೆಯಲ್ಲಿದ್ದ ಎಂಟನೆಯದನ್ನು ಬೆರಳಿನಿಂದಲೇ ಬಿಚ್ಚಿದ.

ಮುಚ್ಚಳ ಎತ್ತಿ, ಹಳೆಯ ಕಾರ್ಕನ್ನು ಹರಿಯದಂತೆ ಬಿಡಿಸಿ ಬೆಳಕಿಗೆ ಹಿಡಿದ. ಕಾಲ ಕಳೆದಂತೆ ಬೋಲ್ಟುಗಳು ಸಡಿಲಾಗುವುದುಂಟು. ಆದರೆ ಹಾಗೆ ಸಡಿಲಾದರೂ ಒಮ್ಮೆ ಒತ್ತಿಸಿಕೊಂಡ ಕಾರ್ಕು ಒತ್ತಿಸಿಕೊಂಡೇ ಇರುತ್ತದೆ. ಅವನು ಬೆರಳಾಡಿಸುತ್ತ ಹೋದ. ನಡುವೆ ಕಾಗದದಷ್ಟು ತೆಳು. ಆಮೇಲೆ ಸ್ವಲ್ಪ ದಪ್ಪ. ಆಮೇಲೆ ಇನ್ನೂ ಸ್ವಲ್ಪ. ಕೊನೆಯ ಮೂಲೆಯಲ್ಲಿ ಅಂಗಡಿಯಿಂದ ಬಂದಾಗ ಎಷ್ಟು ದಪ್ಪವಿತ್ತೋ ಅಷ್ಟೇ. ಸೋಮಾರಿಯ ಕೆಲಸ ಹೀಗಿರುವುದಿಲ್ಲ. ಸೋಮಾರಿ ಯಾವುದೋ ಒಂದನ್ನು ಮರೆಯುತ್ತಾನೆ, ಇನ್ನೊಂದನ್ನು ಹಾರಿಸುತ್ತಾನೆ. ಇಲ್ಲಿ ಒಂದನ್ನೂ ಬಿಟ್ಟಿರಲಿಲ್ಲ. ಕ್ರಮ ತಪ್ಪಿರಲಿಲ್ಲ. ಎಂಟಕ್ಕೂ ಒಂದೊಂದು ಉಸಿರು ಕೊಟ್ಟಿದ್ದ. ಉಸಿರೇ ಗಿಡ್ಡವಾಗುತ್ತ ಹೋಗಿತ್ತು.

ಮೇಸ್ತ್ರಿ ವ್ಯಾನಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ.

"ಈ ಪ್ಯಾಕಿಂಗು ಹಾಕಿದ್ದು ಯಾವಾಗ?" ಎಂದು ಸೊಸೆಯನ್ನು ಕೇಳಿದ. ಕೇಳುವ ಅಗತ್ಯವಿರಲಿಲ್ಲ. ಸಾಯುವ ಮೂರು ತಿಂಗಳ ಹಿಂದೆ.

"ಆಗಲೇ ಅವನಿಗೆ ಎಂಟು ಉಸಿರು ಇರಲಿಲ್ಲಮ್ಮ," ಎಂದ. "ನೋಡು. ಇಲ್ಲಿಂದ ಇಲ್ಲಿಗೆ ಬರೋ ಹೊತ್ತಿಗೆ ದಣಿದಿದ್ದಾನೆ."

ಸೊಸೆ ಕಾರ್ಕನ್ನು ಮುಟ್ಟಿ ನೋಡಿದಳು. "ಮೆಟ್ಟಿಲು ಹತ್ತುವಾಗ ನಡುವೆ ನಿಂತು ಫೋನು ನೋಡೋರು," ಎಂದಳು ಆಮೇಲೆ. "ಏನು ಅಷ್ಟು ಬರುತ್ತೆ ಆ ಫೋನಲ್ಲಿ ಅಂತ ಜಗಳಾಡಿದೀನಿ ಮಾವ. ಏನೂ ಬರ್ತಿರಲಿಲ್ಲ ಅಂತ ಈಗ ಅನ್ನಿಸುತ್ತೆ."

ಮೇಸ್ತ್ರಿಗೆ ಇನ್ನೊಂದು ನೆನಪಾಯಿತು. ಮಗ ಅದೇ ದಿನಗಳಲ್ಲಿ ಒಂದು ಅಳತೆಯ ಪಾನ ತಂದಿದ್ದ. ಎಷ್ಟು ಬಿಗಿ ಬೇಕೆಂದು ಹಿಡಿಯ ಮೇಲೆ ತಿರುಗಿಸಿಟ್ಟರೆ, ಅಷ್ಟಾದ ಕೂಡಲೇ ಅದು ಟಕ್ ಎನ್ನುತ್ತದೆ. "ಏನೋ, ಕಬ್ಬಿಣಕ್ಕೆ ಭಕ್ತಿ ಕಲಿಸೋಕೆ ಹೊರಟ್ಯಾ?" ಎಂದು ಇವನು ನಗಾಡಿದ್ದ. ಮಗ ಅದನ್ನು ಡಬ್ಬಿ ಸಮೇತ ಅಟ್ಟದ ಮೇಲಿಟ್ಟು ಮತ್ತೆ ತೆಗೆದಿರಲಿಲ್ಲ.

ಈಗ ಏಣಿ ಹಾಕಿ ಅದನ್ನು ಇಳಿಸಿದ. ಎರಡೂ ಹೊಸ ಪ್ಯಾಕಿಂಗುಗಳನ್ನು ಮುಚ್ಚಳದ ಮೇಲಿಟ್ಟು ರಂಧ್ರಕ್ಕೆ ರಂಧ್ರ ಕೂಡಿಸಿ ನೋಡಿದ. ಎರಡೂ ಹೊಂದುತ್ತಿದ್ದವು. ಅವನ ಕೈ ಕಾರ್ಕಿನ ಕಡೆ ಹೋಗಿ ಹಿಂದೆ ಬಂತು. ರಬ್ಬರನ್ನು ಆರಿಸಿದ. ಬಿಸಿಗೆ ಬೇಗ ಒಣಗುವುದಿಲ್ಲ, ಅಂಚಿನ ಏರುತಗ್ಗನ್ನು ತುಂಬಿಕೊಳ್ಳುತ್ತದೆ ಎಂದು ಸೊಸೆಗೆ ಹೇಳಿದ. ನಿಜವಾದ ಕಾರಣ, ಯಾರ ಎದೆಯ ಕಥೆಯನ್ನೂ ಬರೆದಿಟ್ಟುಕೊಳ್ಳುವ ವಸ್ತು ಅವನಿಗೆ ಬೇಡವಾಗಿತ್ತು. ಮುಚ್ಚಳದ ಅಂಚನ್ನು ಮರದ ತುಂಡಿನ ಮೇಲಿಟ್ಟು ಮೆಲ್ಲಗೆ ತಟ್ಟಿ ಸಮ ಮಾಡಿದ, ಹಳೆಯ ಅಂಟು ಕೆರೆದ, ಬಟ್ಟೆಯಿಂದ ಎರಡೆರಡು ಸಲ ಒರೆಸಿದ.

ಅಳತೆಯ ಪಾನ ಹಿಡಿದು ನಡುವಿನಿಂದ ಶುರು ಮಾಡಿದ. ಟಕ್. ಟಕ್. ಬಾಯಿಯ ಅಭ್ಯಾಸ ಬಿಡಲಿಲ್ಲ. ದೇವರ ಹೆಸರು ತಾನಾಗಿ ಬಂತು. ಅದರ ಜೊತೆಗೆ ಪಕ್ಕದಲ್ಲಿ ಇನ್ನೊಂದು ಉಸಿರು ಸೇರಿಕೊಂಡಿತು. ನಾಲ್ಕನೆಯ ಬೋಲ್ಟಿನಲ್ಲಿ ಅದು ಇವನಿಗಿಂತ ಮುಂಚೆ ಮುಗಿಯಿತು. ಐದರಲ್ಲಿ ಇನ್ನೂ ಮುಂಚೆ. ಎಂಟಕ್ಕೆ ಬರುವಾಗ ಪಕ್ಕದಲ್ಲಿ ಏನೂ ಇರಲಿಲ್ಲ. ಮೇಸ್ತ್ರಿ ತಿರುಗಿ ನೋಡಲಿಲ್ಲ. ಟಕ್ ಎಂದ ಮೇಲೆ ಪಾನ ಕೆಳಗಿಟ್ಟ.

ಆಗ ಹೊಳೆಯಿತು.

"ಮಿಕ್ಕ ಗಾಡಿಗಳು," ಎಂದ.

"ಯಾವ ಗಾಡಿ ಮಾವ?"

"ಆ ಮೂರು ತಿಂಗಳು ಅವನು ಗಿರಾಕಿಗಳ ಮನೆಗೇ ಹೋಗಿ ಮಾಡಿದ್ದು. ಏಳು ಗಾಡಿ. ಬ್ರೆಡ್ಡಣ್ಣಂದು ನಾಲ್ಕು ಚಕ್ರಾನೂ ಬಿಚ್ಚಿ ಹಾಕಿದ್ದಾನೆ. ಅದನ್ನೂ ಇದೇ ಉಸಿರಲ್ಲಿ ಬಿಗಿದಿದ್ದರೆ? ತೆಗಿಯಮ್ಮ ವ್ಯಾನು."

ಬ್ರೆಡ್ಡಣ್ಣ ಎಂದರೆ ಅಂಗಡಿಗಳಿಗೆ ಬ್ರೆಡ್ಡು ಹಂಚುವವನು. ದಪ್ಪ ಆಳು, ದೊಡ್ಡ ಬಾಯಿ. ಸೊಸೆ ವ್ಯಾನನ್ನು ಅವನ ಅಂಗಳಕ್ಕೆ ತಂದು ನಿಲ್ಲಿಸಿದಾಗ ಅವನು ಖಾಲಿ ಟ್ರೇಗಳನ್ನು ತೊಳೆಯುತ್ತಿದ್ದ.

"ಏನು ಮೇಸ್ತ್ರಿ, ಸೊಸೆ ಕೈಯಲ್ಲಿ ಸ್ಟೇರಿಂಗ್ ಕೊಟ್ಟು ಪಕ್ಕದಲ್ಲಿ ಕೂತಿದ್ದೀರಿ! ಜೀವದ ಮೇಲೆ ಆಸೆ ಇಲ್ವಾ?"

"ನಿಮಗಿಂತ ನೆಟ್ಟಗೆ ಓಡಿಸ್ತೀನಿ ಅಣ್ಣ," ಎಂದಳು ಸೊಸೆ. "ಗಾಡೀನ ಗೋಡೆಗೆ ತಾಗಿಸಿಕೊಂಡಿದ್ದು ನಾನಲ್ಲವಲ್ಲ."

ಮೇಸ್ತ್ರಿ ನಗಲಿಲ್ಲ. ನೇರವಾಗಿ ಹೋಗಿ ಗಾಡಿಯ ಮುಂದಿನ ಚಕ್ರದ ಹತ್ತಿರ ಮೊಣಕಾಲೂರಿದ. ಒಂದೊಂದೇ ನಟ್ಟಿಗೆ ಪಾನ ಹಾಕಿ ಎಳೆದ. ಒಂದೂ ಅಲುಗಲಿಲ್ಲ. ಎರಡನೆಯ ಚಕ್ರವೂ ಹಾಗೆಯೇ. ಮೂರನೆಯದಕ್ಕೆ ಪಾನ ಹಾಕುವಾಗ ಬ್ರೆಡ್ಡಣ್ಣ ಬಂದು ಪಕ್ಕದಲ್ಲಿ ನಿಂತ. ಅವನ ದೊಡ್ಡ ಬಾಯಿ ಸಣ್ಣದಾಗಿತ್ತು.

"ಸಡಿಲ ಇರಲ್ಲ ಮೇಸ್ತ್ರಿ. ಅದನ್ನ ಎಳೆದಿದ್ದು ನಾನು."

"ನೀನಾ?"

"ನಿಮ್ಮ ಮಗ ಆ ಟ್ರೇ ಬೋರಲು ಹಾಕಿಕೊಂಡು ಇಲ್ಲಿ ಕೂತಿದ್ದ. ಅಣ್ಣಾ, ಇವತ್ತು ನನ್ನ ಕೈ ಜಾರುತ್ತೆ, ನೀವು ಎಳೀರಿ, ನಾನು ಹೇಳ್ತೀನಿ ಅಂದ. ನಾನು ತಮಾಷೆ ಮಾಡಿದೆ, ಮೇಸ್ತ್ರಿ ನೀನೋ ನಾನೋ ಅಂತ. ನಕ್ಕ. ನಾಲ್ಕೂ ಚಕ್ರ ಆದಮೇಲೆ ಇನ್ನೊಂದು ಸಲ ನೋಡಿ ಅಂದ. ಇನ್ನೊಂದು ಸಲ ನೋಡಿದೆ."

"ನನಗೆ ಯಾಕೆ ಹೇಳಲಿಲ್ಲ?"

"ಅಪ್ಪನಿಗೆ ಹೇಳಬೇಡಿ ಅಂದಿದ್ದ. ಗೊತ್ತಾದರೆ ಪಾನ ಕಿತ್ಕೊಂಡು ಮನೇಲಿ ಕೂರಿಸ್ತಾರೆ, ಕೆಲಸ ಇಲ್ಲದೆ ನಾನು ಇರಲ್ಲ ಅಂದ. ಜ್ವರ ಇರಬೇಕು ಅಂದುಕೊಂಡೆ. ದೇವರಾಣೆ, ಇಷ್ಟು ಅಂತ ಗೊತ್ತಿರಲಿಲ್ಲ."

ಮೇಸ್ತ್ರಿ ಪಾನ ಕೆಳಗಿಟ್ಟ. ಸೊಸೆ ತೋಳು ಹಿಡಿದು ಎತ್ತಿದಳು. ಜನರ ಜೀವ ನಿಂತಿರುವ ನಟ್ಟುಗಳನ್ನು ಬೇರೆಯವರ ಕೈಯಿಂದ ಬಿಗಿಸಿ, ಸ್ವಂತ ವ್ಯಾನಿನ ಮುಚ್ಚಳವೊಂದನ್ನೇ ಮಗ ತನ್ನ ಉಸಿರಿಗೆ ಬಿಟ್ಟುಕೊಂಡಿದ್ದ. ಅದನ್ನೇ ತೋರಿಸಿ ಮೇಸ್ತ್ರಿ ಅವನನ್ನು ಸೋಮಾರಿ ಎಂದಿದ್ದ.

"ಎಲ್ಲಿ ಕೂತಿದ್ದ?" ಎಂದು ಕೇಳಿದ.

ಬ್ರೆಡ್ಡಣ್ಣ ಗೋಡೆಯ ಪಕ್ಕ ತೋರಿಸಿದ. ಅಲ್ಲಿ ಒದ್ದೆ ನೆಲ ಬಿಟ್ಟರೆ ಏನೂ ಇರಲಿಲ್ಲ. ಮೇಸ್ತ್ರಿ ಹೋಗಿ ಅದರ ಮುಂದೆ ಒಂದಿಷ್ಟು ಹೊತ್ತು ನಿಂತ. ಕೈ ಮುಗಿಯಲಿಲ್ಲ, ತುಟಿ ಮಾತ್ರ ಅಲುಗುತ್ತಿತ್ತು.

"ಮನೆಗೆ ಹೋಗೋಣ ಮಾವ," ಎಂದಳು ಸೊಸೆ. "ಮಿಕ್ಕವೂ ಗಟ್ಟಿಯಾಗೇ ಇರ್ತವೆ. ಅವರು ಹಾಗೇ ಬಿಟ್ಟಿರಲ್ಲ."

"ಗಟ್ಟಿ ಇರ್ತವೆ, ಗೊತ್ತು," ಎಂದು ಮೇಸ್ತ್ರಿ ವ್ಯಾನಿನ ಕಡೆ ನಡೆದ. "ಇನ್ನೂ ಆರು ಮನೆ ಇದೆ. ಪ್ರತಿ ಮನೇಲೂ ಅವನು ಏನೋ ಒಂದು ಸುಳ್ಳು ಹೇಳಿ ಕೂತಿದ್ದಾನೆ. ಎಲ್ಲಾನೂ ಕೇಳಿಸ್ಕೊಂಡು ಬರಬೇಕು. ಹತ್ತಮ್ಮ."